ಸ್ಪಾಕನಿಗೆ ಕನ್ನಡ ಕಲಿಸಲಿಲ್ಲ

ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು ನಮ್ಮನ್ನು ಸುಮಾರು ಐವತ್ತು ವರ್ಷ ಹೆದರಿಸಲಾಯಿತು. ಕೊನೆಗೆ ಡಬ್ಬಿಂಗ್ ಬಂತು, ಕನ್ನಡ ಸಾಯಲಿಲ್ಲ. ಹೆದರಿಸಿದವರು ಈಗ ಆ ಮಾತನ್ನೇ ಎತ್ತುವುದಿಲ್ಲ. ಅವರು ಎತ್ತದಿದ್ದರೆ ನಾನಾದರೂ ಎತ್ತಬೇಕು. ಯಾಕೆಂದರೆ ಆ ಐವತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳ ಪಾಲಿಗೆ ಏನು ತಪ್ಪಿತು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಪರಭಾಷೆಯ ಸಿನಿಮಾ ತಪ್ಪಲಿಲ್ಲ. ಹಿಂದಿ ಸಿನಿಮಾ ನೋಡಲು ಬಿಜಾಪುರದ ಮಂದಿಗೆ ಯಾರೂ ಅನುವಾದ ಮಾಡಿಕೊಡಬೇಕಾಗಿರಲಿಲ್ಲ. ಹೀರೋ ಹೊಡೆದರೆ ಹೊಡೆದ, ಅತ್ತರೆ ಅತ್ತ. ತಪ್ಪಿದ್ದು ಮಾತು ತಿಳಿಯದೆ ನೋಡಿದರೆ ಏನೂ ಉಳಿಯದಂಥವು: ವಿಜ್ಞಾನದ ಸಾಕ್ಷ್ಯಚಿತ್ರಗಳು, ಮತ್ತು ಅವುಗಳ ದಾಯಾದಿಗಳಾದ ವೈಜ್ಞಾನಿಕ ಕಥೆಗಳ ಧಾರಾವಾಹಿಗಳು.

ಇದರಲ್ಲಿ ಒಂದು ವಿಚಿತ್ರವಿದೆ. ಕರ್ನಾಟಕಕ್ಕೆ ಟೀವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. ನಮ್ಮ ಜಿಲ್ಲೆಗೆ. ಇದನ್ನು ಹೇಳಿದರೆ ಬೆಂಗಳೂರಿನವರು ನಗುತ್ತಾರೆ, ನಮ್ಮವರೂ ನಂಬುವುದಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ಕಳಿಸಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಮೂರು: ಬಿಜಾಪುರ, ಗುಲಬರ್ಗಾ, ರಾಯಚೂರು. ಹಿಂದುಳಿದವು ಎಂಬ ಕಾರಣಕ್ಕೇ ಆರಿಸಿದ್ದು. ಹಿಂದುಳಿದದ್ದಕ್ಕೆ ನಮಗೆ ಸಿಕ್ಕ ಲಾಭ ಬಹುಶಃ ಅದೊಂದೇ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆದದ್ದು 1981ರಲ್ಲಿ. ಅಷ್ಟರೊಳಗೆ ನಮ್ಮ ಕಡೆಯ ಎಷ್ಟೋ ಮಕ್ಕಳು ಶಾಲೆಯ ಅಂಗಳದಲ್ಲಿ ಕೂತು, ಕೋಳಿಗೂಡಿಗೆ ಕಟ್ಟುವಂಥ ತಂತಿ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ಛತ್ರಿಯೊಂದು 36,000 ಕಿಲೋಮೀಟರ್ ಎತ್ತರದಿಂದ ಇಳಿಸಿಕೊಟ್ಟ ಚಿತ್ರ ನೋಡಿ, ಅದರ ಜೊತೆ ಬಂದ ಕನ್ನಡ ಕೇಳಿದ್ದವು.

ಹೌದು, ಕನ್ನಡ. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಒಕ್ಕಲಿಗರಿಗೆ, ಹೆಣ್ಣುಮಕ್ಕಳಿಗೆ, ಅವರವರ ಭಾಷೆಯಲ್ಲಿ. ನಮ್ಮ ಭಾಗದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಇನ್ನೊಂದು ಸಂಗತಿಯನ್ನು ಡಬ್ಬಿಂಗ್ ವಿರೋಧಿಗಳು ಕಿವಿಗೊಟ್ಟು ಕೇಳಬೇಕು: ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲವಿತ್ತು. ಅಂದರೆ ಈ ನಾಡಿಗೆ ಟೀವಿ ಕಾಲಿಟ್ಟದ್ದೇ, ಚಿತ್ರ ಒಂದೇ ಆದರೂ ಮಾತು ನೋಡುವವನದೇ ಇರಬೇಕು ಎಂಬ ತಿಳಿವಳಿಕೆಯೊಂದಿಗೆ. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದಲ್ಲಿ ಇದರ ಹಿಂದೆ ನಿಂತಿದ್ದ ಪ್ರೊಫೆಸರ್ ಯಶಪಾಲರಿಗೆ ಇದು ತಿಳಿದಿತ್ತು. ಅವರು ವಿಜ್ಞಾನಿ, ಭಾಷಾಭಿಮಾನದ ಭಾಷಣಕಾರರಲ್ಲ.

ಅದು ತುರ್ತುಪರಿಸ್ಥಿತಿಯ ವರ್ಷ ಎಂಬುದನ್ನು ನಾನು ಮರೆತಿಲ್ಲ. ಸಂಜೆಯ ಕಾರ್ಯಕ್ರಮದಲ್ಲಿ ದಿಲ್ಲಿಯಿಂದ ಅರ್ಧ ತಾಸು ಎಲ್ಲ ರಾಜ್ಯಗಳಿಗೂ ಸೇರಿ ಹಿಂದಿಯಲ್ಲಿ ಬರುತ್ತಿತ್ತು. ಸರಕಾರಕ್ಕೆ ತನ್ನ ತುತ್ತೂರಿ ಊದಿಕೊಳ್ಳಲು ಹಿಂದಿ ಸಾಕಾಯಿತು, ಮಕ್ಕಳಿಗೆ ಕಲಿಸಲು ಕನ್ನಡ ಬೇಕಾಯಿತು.

ಈ ಕಥೆಯಲ್ಲಿ ಒಬ್ಬ ಕಥೆಗಾರನೂ ಇದ್ದಾನೆ. ಭೂಮಿಯ ಸುತ್ತ ತಿರುಗುತ್ತಲೂ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಲೋಕಕ್ಕೆ ಸಂದೇಶ ಕಳಿಸಬಹುದು ಎಂದು 1945ರಲ್ಲೇ ಲೆಕ್ಕ ಹಾಕಿ ಬರೆದವರು ಆರ್ಥರ್ ಸಿ. ಕ್ಲಾರ್ಕ್, ವೈಜ್ಞಾನಿಕ ಕಥೆಗಳ ದೊಡ್ಡ ಲೇಖಕರು. ಅವರು ಶ್ರೀಲಂಕಾದಲ್ಲಿ ನೆಲೆಸಿದ್ದರು. ಸೈಟ್ ನಡೆದಾಗ ನಮ್ಮ ಇಸ್ರೋದವರು ಕೊಲಂಬೋದ ಅವರ ಮನೆಗೂ ಒಂದು ಛತ್ರಿ ಕೂಡಿಸಿಕೊಟ್ಟರು. ಕಥೆ ಬರೆದವನೂ ಬಿಜಾಪುರದ ಒಕ್ಕಲಿಗನೂ ಒಂದೇ ಉಪಗ್ರಹದ ಕೆಳಗೆ ಕೂತು ಟೀವಿ ನೋಡಿದರು! ವೈಜ್ಞಾನಿಕ ಕಥೆ ಎಂದರೆ ಇಂಗ್ಲಿಷ್ ಶಾಲೆಯ ಹುಡುಗರ ಹುಚ್ಚು ಎನ್ನುವ ನಮ್ಮ ಸಾಹಿತಿಗಳಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ವರ್ಷ ಮುಗಿಯಿತು, ಉಪಗ್ರಹ ಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರ ಆಯಿತು. 1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಮತ್ತು ಅಲ್ಲಿಂದ ಮುಂದೆ ಜ್ಞಾನದ ಮಾತೆಲ್ಲ ಹಿಂದಿಗೋ ಇಂಗ್ಲಿಷಿಗೋ ಹೋಯಿತು. ಕಾರ್ಲ್ ಸೇಗನ್ ಅವರ ‘ಕಾಸ್ಮಾಸ್’ ಬಂತು, ಇಂಗ್ಲಿಷಿನಲ್ಲಿ. ‘ಸ್ಟಾರ್ ಟ್ರೆಕ್’ ಭಾನುವಾರ ಬೆಳಗ್ಗೆ ಬಂತು, ಅದೂ ಇಂಗ್ಲಿಷಿನಲ್ಲಿ. 1984ರಿಂದ ಮಧ್ಯಾಹ್ನದ ಹೊತ್ತಿಗೆ ಯುಜಿಸಿಯ ಪಾಠಗಳು ಬಂದವು. ಅವನ್ನು ನೋಡುತ್ತ ನಮ್ಮ ಕಡೆ ಎಷ್ಟು ಮಂದಿ ನಿದ್ದೆ ಮಾಡಿದರೋ ದೇವರಿಗೇ ಗೊತ್ತು. 1989ರಲ್ಲಿ ಚಂದಿತಾ ಮುಖರ್ಜಿಯವರ ‘ಭಾರತ್ ಕೀ ಛಾಪ್’ ಬಂತು: ಭಾರತದ ವಿಜ್ಞಾನದ ಇತಿಹಾಸ, ಹದಿಮೂರು ಕಂತು, ಹಿಂದಿ. ಅದೇ ಸುಮಾರಿಗೆ ‘ಸ್ಪೇಸ್ ಸಿಟಿ ಸಿಗ್ಮಾ’, ಕ್ಯಾಪ್ಟನ್ ತಾರಾ ಮತ್ತು ಜಖಾಕು ಎಂಬ ಖಳನ ಹೊಡೆದಾಟ, ಹಿಂದಿ. ‘ಇಂದ್ರಧನುಷ್’, ಮಕ್ಕಳು ಕಂಪ್ಯೂಟರ್ ಜೋಡಿಸಿ ಕಾಲದಲ್ಲಿ ಹಿಂದೆ ಹೋಗುವ ಕಥೆ, ಹಿಂದಿ. 1998ರಲ್ಲಿ ಕೇತನ್ ಮೆಹತಾರ ‘ಕ್ಯಾಪ್ಟನ್ ವ್ಯೋಮ್’, ಹಿಂದಿ. ‘ಟರ್ನಿಂಗ್ ಪಾಯಿಂಟ್’ನಲ್ಲಿ ದೇಶಕ್ಕೆಲ್ಲ ವಿಜ್ಞಾನ ಪರಿಚಯಿಸಿದವರು ಯಾರು? ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು. ಅವರ ಬಾಯಿಂದಲೂ ಆ ವಿಜ್ಞಾನ ನಮಗೆ ಕನ್ನಡದಲ್ಲಿ ಬರಲಿಲ್ಲ. ‘ಮಾಲ್ಗುಡಿ ಡೇಸ್’ ವಿಜ್ಞಾನವಲ್ಲ, ಆದರೂ ಹೇಳದಿರಲಾರೆ. ಆಗುಂಬೆಯಲ್ಲಿ ಶಂಕರನಾಗ್ ಕನ್ನಡದ ನಟರನ್ನು ಕಟ್ಟಿಕೊಂಡು ತೆಗೆದ ಧಾರಾವಾಹಿಯನ್ನು ಕನ್ನಡಿಗರು ಹಿಂದಿಯಲ್ಲಿ ನೋಡಿ ಹೆಮ್ಮೆಪಟ್ಟರು. ಇಂಥ ಹೆಮ್ಮೆ ಲೋಕದಲ್ಲಿ ಬೇರೆ ಯಾರಿಗಾದರೂ ಇದೆಯೆ?

ದಿಲ್ಲಿಯವರನ್ನು ಬೈಯುವುದು ಸುಲಭ, ಬೈಯಲೂಬೇಕು. ಆದರೆ ತಮಿಳಿಗೋ ತೆಲುಗಿಗೋ ಇದನ್ನೆಲ್ಲ ಡಬ್ ಮಾಡುವೆನೆಂದು ಯಾರಾದರೂ ಮುಂದೆ ಬಂದರೆ ಅಲ್ಲಿ ಬಾಗಿಲು ತೆರೆದಿತ್ತು. ನಮ್ಮಲ್ಲಿ ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಗಾಂಧಿನಗರದಲ್ಲಿ ಇಟ್ಟಿದ್ದರು. ಅದಕ್ಕೆ ಯಾವ ಕಾನೂನೂ ಇರಲಿಲ್ಲ. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಹೋರಾಡಿದಾಗ ಅದಕ್ಕೆ ಕಾರಣವಿತ್ತು: ಆಗ ಕನ್ನಡ ಚಿತ್ರೋದ್ಯಮ ಮದ್ರಾಸಿನ ಬಾಡಿಗೆ ಮನೆಯಲ್ಲಿ ಇತ್ತು, ನಮ್ಮ ಚಿತ್ರಗಳಿಗೆ ನಮ್ಮ ಊರಿನಲ್ಲೇ ಟಾಕೀಜು ಸಿಗುತ್ತಿರಲಿಲ್ಲ. ಎಳೆಯ ಸಸಿಗೆ ಮುಳ್ಳಿನ ಬೇಲಿ ಹಾಕಿದರು, ಸರಿ. ಸಸಿ ಮರವಾಗಿ, ಮರದ ಕೆಳಗೆ ಬಂಗಲೆ ಎದ್ದು, ಬಂಗಲೆಯ ಮುಂದೆ ಕಾರು ನಿಂತ ಮೇಲೂ ಬೇಲಿ ತೆಗೆಯಲಿಲ್ಲ. ಸಿನಿಮಾಕ್ಕೆ ಹಾಕಿದ ಬೇಲಿಯನ್ನು ಟೀವಿಗೂ ಎಳೆದರು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳ, ಮರಾಠಿಗಳಲ್ಲಿ ಬಂತು, ಕನ್ನಡದಲ್ಲಿ ಬರಗೊಡಲಿಲ್ಲ. ಹೆಣ್ಣು ಭ್ರೂಣದ ಹತ್ಯೆಯ ಕುರಿತ ಅದರ ಮೊದಲ ಕಂತನ್ನು ಜತ್ತದ ಕಡೆಯ ನಮ್ಮ ಬೀಗರು ಮರಾಠಿಯಲ್ಲಿ ನೋಡಿ ನಮಗೆ ಕನ್ನಡದಲ್ಲಿ ಹೇಳಿದರು. ಮಹಾರಾಷ್ಟ್ರದಲ್ಲಿರುವ ಕನ್ನಡಿಗ ಕರ್ನಾಟಕದಲ್ಲಿರುವ ಕನ್ನಡಿಗನಿಗೆ ಡಬ್ಬಿಂಗ್ ಮಾಡಿದ, ಪುಕ್ಕಟೆ!

ಕಲಾವಿದರ ಹೊಟ್ಟೆಯ ಪ್ರಶ್ನೆ ಎಂದರು. ಒಪ್ಪೋಣ. ಆದರೆ ನನಗೆ ಒಬ್ಬರಾದರೂ ಹೇಳಲಿ: ಗುರುಗ್ರಹದ ಚಂದ್ರರ ಮೇಲೆ, ಸಮುದ್ರದ ತಳದ ಮೀನುಗಳ ಮೇಲೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ತೆಗೆಯುತ್ತ ಕೂತಿದ್ದ ಯಾವ ನಿರ್ಮಾಪಕನ ಅನ್ನವನ್ನು ಡಬ್ಬಿಂಗ್ ಕಸಿಯುತ್ತಿತ್ತು? ಅಂತರಿಕ್ಷ ನೌಕೆಯ ಯಾವ ಕನ್ನಡ ಧಾರಾವಾಹಿ ಆಗ ಓಡುತ್ತಿತ್ತು? ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ ಬರಲು ಮೂರು ಕಂತು ಬೇಕು. ಚಂದ್ರನಿಗೆ ಹೋಗುವ ಮಾತೆಲ್ಲಿ. ಉಣ್ಣುವವನಿಲ್ಲದ ತಾಟನ್ನು ಕಾಯಲು ಕಾವಲುಗಾರರನ್ನು ನೇಮಿಸಿದ್ದರು.

ಅದಕ್ಕಿಂತ ನನಗೆ ಸಿಟ್ಟು ಬರಿಸುವುದು ಪುಸ್ತಕದ ಲೋಕದಲ್ಲಿ ನಾವು ನಡೆದುಕೊಂಡ ರೀತಿಯೊಡನೆ ಇದನ್ನು ಹೋಲಿಸಿದಾಗ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು, ನಾವು ಕೈಮುಗಿದೆವು. ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ಬಗ್ಗೆ ಬರೆದ ‘ಹಸುರು ಹೊನ್ನು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು, ಹಳ್ಳಿ ಹಳ್ಳಿಯ ಹುಡುಗರು ಓದಿದರು. ನಮ್ಮ ಉತ್ತರ ಕರ್ನಾಟಕದ ರಾಜಶೇಖರ ಭೂಸನೂರಮಠರು ಕನ್ನಡದಲ್ಲೇ ವೈಜ್ಞಾನಿಕ ಕಾದಂಬರಿ ಬರೆದರು. ಆಂಡರ್ಸನ್ ಕನ್ನಡಕ್ಕೆ ಬಂದುದರಿಂದ ಕನ್ನಡದ ಕಥೆಗಾರ ಉಪವಾಸ ಬಿದ್ದ ಎಂದು ಯಾರೂ ಮೆರವಣಿಗೆ ತೆಗೆಯಲಿಲ್ಲ. ಕಣ್ಣಿನಿಂದ ಓದುವ ಅನುವಾದಕ್ಕೆ ಶಾಲು ಹಾರ, ಕಿವಿಯಿಂದ ಕೇಳುವ ಅನುವಾದಕ್ಕೆ ಬೆಂಕಿ. ಓದಲು ಬಾರದವನಿಗೆ ಕಿವಿಯೊಂದೇ ದಾರಿ ಎಂಬುದು ಈ ಓದು ಬಲ್ಲ ಹೋರಾಟಗಾರರಿಗೆ ಹೊಳೆಯಲೇ ಇಲ್ಲ, ಅಥವಾ ಹೊಳೆದರೂ ಅವರಿಗೆ ಬೇಕಾಗಿರಲಿಲ್ಲ.

ಈಚೆಗೆ ನಾನು ಹಳೆಯ ‘ಸ್ಟಾರ್ ಟ್ರೆಕ್’ ಕಂತುಗಳನ್ನು ಮತ್ತೆ ನೋಡುತ್ತಿದ್ದೇನೆ. ರಟ್ಟಿನ ಬಂಡೆಗಳು, ಮಿಣುಕು ದೀಪಗಳ ಗೋಡೆ, ಒಂದು ಅಲುಗಾಟಕ್ಕೆ ಎಲ್ಲರೂ ಒಂದೇ ಕಡೆ ವಾಲುವ ನಟರು. ನಗುವವರು ನಗಲಿ. 1969ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಬೇರೊಂದು ಗ್ರಹದ ಇಬ್ಬರು ಬರುತ್ತಾರೆ. ಇಬ್ಬರ ಮುಖವೂ ನಟ್ಟನಡುವೆ ಗೆರೆ ಎಳೆದಂತೆ ಅರ್ಧ ಕಪ್ಪು, ಅರ್ಧ ಬಿಳಿ. ಒಬ್ಬ ಇನ್ನೊಬ್ಬನನ್ನು ಸಾವಿರಾರು ವರ್ಷಗಳಿಂದ ಅಟ್ಟಿಕೊಂಡು ಬಂದಿದ್ದಾನೆ. ಯಾಕೆ ಇಷ್ಟು ದ್ವೇಷ ಎಂದರೆ ನೌಕೆಯ ಕ್ಯಾಪ್ಟನ್ ಕರ್ಕ್‌ಗಾಗಲಿ ಸ್ಪಾಕನಿಗಾಗಲಿ ತಿಳಿಯುವುದಿಲ್ಲ. ಆಗ ಅಟ್ಟಿಕೊಂಡು ಬಂದವನು, ಇದೂ ಕಾಣುವುದಿಲ್ಲವೆ ಎಂಬಂತೆ ಹೇಳುತ್ತಾನೆ: ನಾನು ಬಲಗಡೆ ಕಪ್ಪು, ಅವನು ಬಲಗಡೆ ಬಿಳಿ! ಅವರ ಗ್ರಹಕ್ಕೆ ಹೋಗಿ ನೋಡಿದರೆ ಅಲ್ಲಿ ಒಬ್ಬರೂ ಉಳಿದಿಲ್ಲ, ಎಲ್ಲರೂ ಬಡಿದಾಡಿ ಸತ್ತಿದ್ದಾರೆ. ಆದರೂ ಇವರಿಬ್ಬರು ಇಳಿದು ಓಡುತ್ತಾರೆ, ಬಡಿದಾಡಲಿಕ್ಕೆ.

ನನ್ನ ಮೊಮ್ಮಗ ಬಗಲಲ್ಲಿ ಕೂತಿದ್ದ. ಐದನೆಯ ಇಯತ್ತೆ, ಕನ್ನಡ ಶಾಲೆ. ‘ಇವ್ರೇನಂತಾರ ಮುತ್ಯಾ?’ ಎಂದು ನಾಲ್ಕು ನಾಲ್ಕು ಮಾತಿಗೆ ಕೇಳಿದ, ನಾನು ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಎಡ-ಬಲದ ಮಾತು ಬಂದಾಗ ಹುಡುಗ ಸುಮ್ಮನೆ ಕೂತ. ಆಮೇಲೆ ಅಂದ: ‘ಒಬ್ಬಾಂವ ಕನ್ನಡಿ ಮುಂದ ನಿಂತ್ರ ಇನ್ನೊಬ್ಬಾಂವ ಆಗತಾನಲ್ಲ ಮುತ್ಯಾ.’

ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಜಾತಿಯ ಬಗ್ಗೆ ಎಷ್ಟು ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಆ ಕನ್ನಡಿಯ ಮಾತು ನನ್ನ ಯಾವ ಪಾಠದಿಂದಲೂ ಹೊರಟಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ತಿಳಿದ ಒಬ್ಬ ಮುದುಕನಿದ್ದಾನೆ, ಹುಡುಗನಿಗೆ ಕಥೆ ದಕ್ಕಿತು. ಮುದುಕನಿಲ್ಲದ ಮನೆಗಳ ಕಥೆ ಏನು? ಅದೇ ಧಾರಾವಾಹಿ ಭಾನುವಾರ ಬೆಳಗ್ಗೆ ನಮ್ಮ ಊರುಗಳಿಗೂ ಬರುತ್ತಿತ್ತಲ್ಲ. ಟೀವಿ ಇದ್ದ ಮನೆಯ ಪಡಸಾಲೆ ತುಂಬ ಮಕ್ಕಳು ಕೂತು ಸ್ಪಾಕನ ಚೂಪು ಕಿವಿ ನೋಡಿ ನಕ್ಕು ಎದ್ದು ಹೋಗುತ್ತಿದ್ದವು. ಕಿವಿ ಕಂಡಿತು, ಮಾತು ಕೇಳಲಿಲ್ಲ.

ಮಾತು ಕೇಳದಿದ್ದರೆ ಏನಾಗುತ್ತದೆ? ಆ ಜಾಗಕ್ಕೆ ಬೇರೆ ಮಾತು ಬರುತ್ತದೆ. ಕನ್ನಡದಲ್ಲಿ ಆಕಾಶದ ಬಗ್ಗೆ ಮಾತನಾಡುವ ಹಕ್ಕನ್ನು ನಮ್ಮ ಸುದ್ದಿ ಚಾನೆಲ್ಲುಗಳು ಜ್ಯೋತಿಷಿಗಳಿಗೆ ಬರೆದುಕೊಟ್ಟವು. 2012ರಲ್ಲಿ ಪ್ರಳಯವಾಗುತ್ತದೆ ಎಂದು ಕನ್ನಡದಲ್ಲಿ ಎಷ್ಟು ಸೊಗಸಾಗಿ, ಎಷ್ಟು ನಿರರ್ಗಳವಾಗಿ ಹೆದರಿಸಿದರು! ಅದಕ್ಕೆ ಯಾವ ಡಬ್ಬಿಂಗೂ ಬೇಕಾಗಲಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರ್ಗಿಯ ಹತ್ತಿರ ತಾಜಸುಲ್ತಾನಪುರದಲ್ಲಿ, ಅಂಗವಿಕಲ ಮಕ್ಕಳಿಗೆ ಗುಣವಾಗಲೆಂದು ಅವರನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಇದು 1975ರಲ್ಲಿ ಉಪಗ್ರಹದಿಂದ ಕನ್ನಡ ಕೇಳಿದ ಮೂರು ಜಿಲ್ಲೆಗಳಲ್ಲಿ ಒಂದು. ಒಂದು ಸಾಕ್ಷ್ಯಚಿತ್ರ ತೋರಿಸಿದ್ದರೆ ಆ ತಾಯಂದಿರು ಹಾಗೆ ಮಾಡುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಮಗುವಿಗೆ ನಡೆಯಲು ಬಾರದ ತಾಯಿ ಏನನ್ನಾದರೂ ಮಾಡಿಯಾಳು. ಆದರೆ ಗ್ರಹಣ ಎಂದರೆ ಚಂದ್ರ ಸೂರ್ಯನಿಗೆ ಅಡ್ಡ ಬರುವುದು, ಅಷ್ಟೇ, ಎಂದು ಚಿತ್ರ ಸಮೇತ, ಅವಳ ಮಾತಿನಲ್ಲಿ, ಅವಳ ಮನೆಯ ಟೀವಿಯಲ್ಲಿ ಎಷ್ಟು ಸಲ ಹೇಳಿದ್ದೆವು? ಅದನ್ನು ಹೇಳದೆ ಆಮೇಲೆ ಅವಳನ್ನು ಮೂಢಳೆಂದು ಬೈಯಲು ನಮಗೆ ಅಧಿಕಾರವೆಲ್ಲಿದೆ?

ಸಾಕ್ಷ್ಯಚಿತ್ರ ಎಂದ ಮಾತ್ರಕ್ಕೆ ಎಲ್ಲವೂ ಗಂಗೋದಕ ಎಂದೂ ನಾನು ನಂಬಿದವನಲ್ಲ. 2012ರಲ್ಲಿ ಅಮೆರಿಕದ ‘ಅನಿಮಲ್ ಪ್ಲಾನೆಟ್’ ಮತ್ಸ್ಯಕನ್ಯೆಯರು ಇದ್ದಾರೆ ಎಂದು ಸಾಕ್ಷ್ಯಚಿತ್ರದ ವೇಷದಲ್ಲಿ ಒಂದು ಕಟ್ಟುಕಥೆ ತೋರಿಸಿತು. ಮರುವರ್ಷ ‘ಡಿಸ್ಕವರಿ’, ಎಂದೋ ಅಳಿದುಹೋದ ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಇನ್ನೂ ಬದುಕಿದೆ ಎಂದಿತು. ಎರಡರಲ್ಲೂ ವಿಜ್ಞಾನಿಗಳೆಂದು ಮಾತನಾಡಿದವರು ನಟರು. ಕ್ಯಾಪ್ಟನ್ ತಾರಾ ಎಷ್ಟೋ ವಾಸಿ, ಅವನು ತಾನು ನಿಜ ಎಂದು ಎಂದೂ ಹೇಳಿಕೊಳ್ಳಲಿಲ್ಲ. ಆದರೆ ಸುಳ್ಳು ಸಾಕ್ಷ್ಯಚಿತ್ರವನ್ನು ಗುರುತಿಸಬೇಕಾದರೆ ನಿಜವಾದ ನೂರು ನೋಡಿ ಪಳಗಿರಬೇಕು. ಖೊಟ್ಟಿ ನಾಣ್ಯ ಗುರುತಿಸುವವನು ದಿನವೂ ರೊಕ್ಕ ಎಣಿಸುವವನೇ. ನಮ್ಮ ಕೈಗೆ ರೊಕ್ಕವನ್ನೇ ಕೊಡಲಿಲ್ಲವಲ್ಲ.

2015ರಲ್ಲಿ ಭಾರತದ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪು ಎಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವರಿಗೆ ದಂಡ ಹಾಕಿತು. ಕನ್ನಡಿಗನಿಗೆ ಕನ್ನಡ ಕೇಳುವ ಹಕ್ಕಿದೆ ಎಂದು ದಿಲ್ಲಿಯ ವ್ಯಾಪಾರದ ಆಯೋಗ ಹೇಳಬೇಕಾಯಿತು, ನಮ್ಮ ಪರಿಷತ್ತುಗಳಲ್ಲ. ಆಮೇಲೆ 2020ರಲ್ಲಿ, ಕೊರೊನಾದ ಕಾಲದಲ್ಲಿ, ಚಿತ್ರೀಕರಣ ನಿಂತು ಚಾನೆಲ್ಲುಗಳ ಹೊಟ್ಟೆಗೇ ಬೆಂಕಿ ಬಿದ್ದಾಗ ಬಾಗಿಲು ಪೂರ್ತಿ ತೆರೆಯಿತು. ‘ಮಹಾಭಾರತ’ ಬಂತು. ‘ಮಾಲ್ಗುಡಿ’ ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಕನ್ನಡ ಮಾತಾಡಿತು. ಜುಲೈಯಲ್ಲಿ ಅಂಬೇಡ್ಕರರ ಬದುಕಿನ ‘ಮಹಾನಾಯಕ’ ಡಬ್ ಆಗಿ ಬಂದಾಗ ಏನಾಯಿತು? ಹಳ್ಳಿಹಳ್ಳಿಯಲ್ಲಿ ಹುಡುಗರು ತಮ್ಮ ರೊಕ್ಕದಿಂದ ಆ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿಸಿದರು. ಧಾರಾವಾಹಿಗೆ ಊರವರು ಫ್ಲೆಕ್ಸ್ ಹಾಕಿದ್ದನ್ನು ನೀವು ಅದಕ್ಕೂ ಮೊದಲು ಕಂಡಿದ್ದಿರಾ? ಕನ್ನಡ ಸಾಯುತ್ತದೆ ಎಂದವರು ಆ ಫ್ಲೆಕ್ಸುಗಳ ಕೆಳಗೆ ಒಮ್ಮೆ ನಿಂತು ಬರಬೇಕಾಗಿತ್ತು. ಅದೇ ವರ್ಷ ಜೂನಿನಲ್ಲಿ ‘ವೈಲ್ಡ್ ಕರ್ನಾಟಕ’ ಡಿಸ್ಕವರಿಯಲ್ಲಿ ಬಂತು. ಇಂಗ್ಲಿಷಿಗೆ ಡೇವಿಡ್ ಅಟೆನ್‌ಬರೋ, ಕನ್ನಡಕ್ಕೆ ರಿಷಬ್ ಶೆಟ್ಟಿ. ನಮ್ಮ ನಾಡಿನ ಹುಲಿಯನ್ನು ನಮ್ಮ ಮಾತಿನಲ್ಲಿ ನೋಡಲು 2020 ಬರಬೇಕಾಯಿತು ನೋಡಿ.

ಈಗ ಬರುವ ಡಬ್ಬಿಂಗ್ ಎಲ್ಲ ಚೆನ್ನಾಗಿದೆಯೆ ಎಂದರೆ, ಇಲ್ಲ. ಬಹಳಷ್ಟು ಸಾಕ್ಷ್ಯಚಿತ್ರಗಳ ಕನ್ನಡ, ಸರಕಾರಿ ಸುತ್ತೋಲೆಯನ್ನು ಗಟ್ಟಿಯಾಗಿ ಓದಿದಂತಿದೆ. ಮೊಸಳೆ ಜಿಂಕೆಯನ್ನು ಹಿಡಿಯುತ್ತಿರುವಾಗ ಹಿಂದಿನ ಧ್ವನಿ ‘ಇದು ಅತ್ಯಂತ ರೋಮಾಂಚನಕಾರಿ ಕ್ಷಣವಾಗಿದೆ’ ಎನ್ನುತ್ತದೆ. ಇಂಥ ಕನ್ನಡವನ್ನು ಯಾವ ತಾಯಿಯೂ ಹೆತ್ತಿಲ್ಲ. ಅದಕ್ಕೂ ಕಾರಣ ಆ ಐವತ್ತು ವರ್ಷವೇ. ತಮಿಳರು, ತೆಲುಗರು ತಲೆಮಾರುಗಟ್ಟಲೆ ಮಾಡಿ ಕಲಿತ ಕಸುಬನ್ನು ನಾವು ನಿನ್ನೆ ಮೊನ್ನೆ ಹಿಡಿದಿದ್ದೇವೆ. ಡಬ್ಬಿಂಗ್ ಬೇಡ ಎಂದು ಹೋರಾಡಿದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನು ಒಳ್ಳೆಯ ಡಬ್ಬಿಂಗ್ ಬೇಕು ಎಂದು ಹೋರಾಡಲು ಬಳಸಿದ್ದರೆ ಸ್ಪಾಕನಿಗೆ ಇಷ್ಟೊತ್ತಿಗೆ ಸೊಗಸಾದ ಕನ್ನಡ ಬರುತ್ತಿತ್ತು.

ಕನ್ನಡದವರು ತಿಳಿವಳಿಕೆಯ ಕಾರ್ಯಕ್ರಮ ನೋಡುವುದಿಲ್ಲ ಎಂಬ ಚಾನೆಲ್ಲಿನವರ ನೆಪವನ್ನೂ ನಾನು ಒಪ್ಪುವುದಿಲ್ಲ. ದೂರದರ್ಶನದ ಚಂದನದಲ್ಲಿ 2002ರಲ್ಲಿ ಶುರುವಾದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ಸಾವಿರಾರು ಕಂತು ನಡೆದದ್ದು ಯಾರ ಬಲದಿಂದ? ಬಹುಮಾನ ಬರೀ ಪುಸ್ತಕ, ಕಾರಲ್ಲ, ಕೋಟಿಯಲ್ಲ. ಸರಕಾರ ಕನ್ನಡ ಸಿನಿಮಾಗಳಿಗೆ ಸಹಾಯಧನ ಕೊಡುತ್ತದೆ. ಯಾರೂ ನೋಡದ ಎಷ್ಟೋ ಚಿತ್ರಗಳು ಆ ದುಡ್ಡಿನಲ್ಲಿ ಬಂದು ಹೋಗುತ್ತವೆ. ಅದರಲ್ಲಿ ಒಂದಿಷ್ಟನ್ನು ತೆಗೆದು ‘ಕಾಸ್ಮಾಸ್’ನ ಹದಿಮೂರು ಕಂತು, ‘ಭಾರತ್ ಕೀ ಛಾಪ್’ನ ಹದಿಮೂರು ಕಂತು, ಹಳೆಯ ‘ಸ್ಟಾರ್ ಟ್ರೆಕ್’ನ ಆಯ್ದ ಕೆಲವು, ಇಷ್ಟನ್ನು ಕನ್ನಡಕ್ಕೆ ತಂದು ಚಂದನದಲ್ಲಿ ಭಾನುವಾರ ಬೆಳಗ್ಗೆ ಹಾಕಲಿ. ಧ್ವನಿಗಳನ್ನು ಬೆಂಗಳೂರಿನಲ್ಲೇ ಹುಡುಕಬೇಡಿ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಡುವವರಿದ್ದಾರೆ; ಬೆಳತನಕ ನಿಂತು ಹಾಡಿದರೂ ಗಂಟಲು ಒಡೆಯದವರು, ಸವಾಲಿಗೆ ಅಲ್ಲೇ ಜವಾಬು ಕಟ್ಟುವವರು.

ಮುಖದ ಒಂದು ಗೆರೆಯೂ ಅಲುಗದಂತೆ ಮಾತನಾಡುವ ಸ್ಪಾಕನಿಗೆ ಅವರಲ್ಲೇ ಒಬ್ಬರನ್ನು ನಾನು ಮನಸ್ಸಿನಲ್ಲಿ ಆರಿಸಿ ಇಟ್ಟಿದ್ದೇನೆ. ದ್ರಾಕ್ಷಿ ಹಂಗಾಮಿನಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ, ಉಳಿದ ದಿನ ಪಾರಿಜಾತ. ಹೋಗಿ ಕೇಳಿದೆ. ಕಥೆಯೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಕಣ್ಣು ಕೂಡ ಪಿಳುಕಿಸದೆ ಅಂದರು: ‘ಮಾಡೂಣ್ರಿ ಮಾಸ್ತರ. ದಿನಕ್ಕ ಪಗಾರ ಎಷ್ಟ್ ಅದು ಮೊದಲ ಹೇಳ್ರಿ.’